ಒಟ್ಟಿಗೆ ಕಲಿಯುವ ಕಸುಬು

ಮಕ್ಕಳನ್ನು ಶಾಲೆಗೆ ಕಳಿಸದೆ ಹೆತ್ತವರೇ ಹೊಣೆ ಹೊತ್ತು ಮನೆಯಲ್ಲಿ ಕಲಿಸುವ ಕ್ರಮವನ್ನು ಹೋಮ್‌ಸ್ಕೂಲಿಂಗ್ ಅಥವಾ ಮನೆಶಾಲೆ ಎನ್ನುತ್ತಾರೆ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಈ ದಾರಿ ಹಿಡಿದ ಕುಟುಂಬಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಾಲಾ ಶಿಕ್ಷಣವನ್ನು ಕುರಿತದ್ದು. ಮನೆಶಾಲೆಯನ್ನು ಅದು ಹೆಸರಿಸಿ ಒಪ್ಪಿಯೂ ಇಲ್ಲ, ಹೆಸರಿಸಿ ನಿಷೇಧಿಸಿಯೂ ಇಲ್ಲ. ಹೀಗೆ ಕಲಿತ ಮಕ್ಕಳಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯುವ ದಾರಿ ತೆರೆದಿದೆ. ಅಲ್ಲಿಯವರೆಗಿನ ವರ್ಷಗಳಲ್ಲಿ ಏನು ಕಲಿಯಬೇಕು, ಹೇಗೆ ಕಲಿಯಬೇಕು ಎಂಬುದನ್ನು ಹೆಚ್ಚುಕಡಿಮೆ ಕುಟುಂಬವೇ ತೀರ್ಮಾನಿಸುತ್ತದೆ.

ಇಂಥ ಮನೆಗಳ ದಿನಚರಿಯಲ್ಲಿ ಕಸೂತಿ, ಕೌದಿ, ಬುಟ್ಟಿ ಹೆಣಿಗೆ, ನೂಲುವುದು, ಬಣ್ಣ ಕಟ್ಟುವುದು ಮೊದಲಾದ ಕೈಕಸುಬುಗಳಿಗೆ ಜಾಗ ಸಿಗುವುದುಂಟು. ಅದಕ್ಕೆ ಕೊಡುವ ಕಾರಣಗಳು ಸಾಮಾನ್ಯವಾಗಿ ಎರಡು: ಮಕ್ಕಳ ಕೈಗೆ ಕೆಲಸವಿರಬೇಕು, ಹಳೆಯ ಕಲೆ ಉಳಿಯಬೇಕು. ಎರಡೂ ಸರಿಯೇ, ಆದರೆ ಸಾಲವು. ಕೈಗೆ ಕೆಲಸ ಕೊಡಲು ಬೇರೆ ನೂರು ದಾರಿಗಳಿವೆ. ಒಂದು ಮನೆಯ ಹವ್ಯಾಸದಿಂದ ಒಂದು ಕಲೆ ಉಳಿಯುವುದೂ ಇಲ್ಲ. ಮನೆಶಾಲೆಯಲ್ಲಿ ಕಸುಬಿನ ಬೆಲೆ ಇರುವುದು, ಹೆತ್ತವರು ಕಲಿಸುವ ಪೀಠದಿಂದ ಇಳಿದು ಮಗುವಿನ ಪಕ್ಕದಲ್ಲಿ ಕಲಿಯುವವರಾಗಿ ಕೂರಲು ಅದು ಎಡೆ ಮಾಡಿಕೊಡುತ್ತದೆ ಎಂಬುದರಲ್ಲಿ. ಈ ಫಲ ದಕ್ಕಬೇಕಾದರೆ ಮೂರು ಮಾತು ನಡೆಯಬೇಕು: ಕಸುಬು ಆಟಿಕೆಯ ಮಟ್ಟದ್ದಾಗದೆ ನಿಜವಾದದ್ದಾಗಿರಬೇಕು, ಅದನ್ನು ಬಲ್ಲವರಿಂದ ಕಲಿಯಬೇಕು, ಅದರ ಹಿಂದಿರುವ ಜಾತಿ ಮತ್ತು ದುಡಿಮೆಯ ಚರಿತ್ರೆಯನ್ನು ಮರೆಯದೆ ಕಲಿಯಬೇಕು.

ಹಿಂದಿನ ಪ್ರಯೋಗಗಳು

ದೊಡ್ಡವರೂ ಮಕ್ಕಳೂ ಕೂಡಿ ಕಸುಬು ಕಲಿತದ್ದಕ್ಕೆ ನೂರು ವರ್ಷಕ್ಕೂ ಹಿಂದಿನ ಉದಾಹರಣೆಯೊಂದಿದೆ. 1910ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಸಮೀಪ ಗಾಂಧೀಜಿ ಮತ್ತು ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಕ್ ಟಾಲ್‌ಸ್ಟಾಯ್ ಫಾರ್ಮ್ ಕಟ್ಟಿದರು. ಸತ್ಯಾಗ್ರಹಿಗಳ ಕುಟುಂಬಗಳು ಅಲ್ಲಿ ಒಟ್ಟಿಗೆ ಬಾಳಿದವು. ಗಾಂಧೀಜಿ ತಮ್ಮ ಮಕ್ಕಳನ್ನೂ ಉಳಿದವರ ಮಕ್ಕಳನ್ನೂ ಹೊರಗಿನ ಶಾಲೆಗೆ ಕಳಿಸದೆ ಅಲ್ಲಿಯೇ ಓದಿಸಿದರು. ಕಾಲೆನ್‌ಬಾಕ್ ಟ್ರಾಪಿಸ್ಟ್ ಎಂಬ ಕ್ರೈಸ್ತ ಸಂನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು; ಅವರಿಂದ ಗಾಂಧೀಜಿ ಕಲಿತರು; ಅವರಿಂದ ಉಳಿದವರು ಕಲಿತರು. ಬಡಗಿ ಕೆಲಸವೂ ಹಾಗೆಯೇ ಹರಡಿತು. ಶಿಕ್ಷಕ ತಾನು ಮಾಡದ ಕೆಲಸವನ್ನು ಮಕ್ಕಳಿಂದ ಮಾಡಿಸಬಾರದು, ಮಕ್ಕಳು ಕೆಲಸಕ್ಕಿಳಿದಾಗ ಅವನೂ ಜೊತೆಯಲ್ಲಿರಬೇಕು ಎಂಬುದು ಅಲ್ಲಿಯ ಕಟ್ಟಳೆ. ವ್ಯಾಪಾರಿ ಜಾತಿಯಲ್ಲಿ ಹುಟ್ಟಿ ಬ್ಯಾರಿಸ್ಟರ್ ಆದವರು ಚರ್ಮ ಹಿಡಿದು ಕೂತದ್ದು ಮಕ್ಕಳ ಕಣ್ಣೆದುರು ನಡೆದ ಪಾಠ. ಯಾವ ಪುಸ್ತಕದ ಉಪದೇಶಕ್ಕಿಂತಲೂ ಅದು ನೇರವಾಗಿ ತಲುಪುವಂಥದು.

ಈ ಅನುಭವವೇ ಮುಂದೆ ನಯೀ ತಾಲೀಮ್ ಎಂಬ ಶಿಕ್ಷಣ ಯೋಜನೆಗೆ ಬುನಾದಿಯಾಯಿತು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸಮ್ಮೇಳನ ಸೇರಿತು. ಜಾಕಿರ್ ಹುಸೇನರ ಅಧ್ಯಕ್ಷತೆಯ ಸಮಿತಿ ಪಾಠಕ್ರಮ ರೂಪಿಸಿತು. ಐದೂವರೆ ಗಂಟೆಯ ಶಾಲಾ ದಿನದಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಮೂಲ ಕಸುಬಿಗೆ ಮೀಸಲು. ಮಕ್ಕಳು ತಯಾರಿಸಿದ ವಸ್ತುಗಳ ಮಾರಾಟದಿಂದ ಶಿಕ್ಷಕರ ಸಂಬಳ ಹುಟ್ಟಬೇಕು ಎಂಬ ಆಶಯವೂ ಅದರಲ್ಲಿತ್ತು. ಇದು ಮಕ್ಕಳ ದುಡಿಮೆಗೆ ದಾರಿಯಾಗುತ್ತದೆ ಎಂಬ ಆಕ್ಷೇಪ ಆಗಲೇ ಎದ್ದಿತು, ಅರ್ಥಶಾಸ್ತ್ರಜ್ಞ ಕೆ. ಟಿ. ಶಾ ಸಮ್ಮೇಳನದಲ್ಲಿಯೇ ಭಿನ್ನಮತ ತೋರಿದರು. ಆಕ್ಷೇಪದಲ್ಲಿ ಹುರುಳಿತ್ತು. ಸರಕು ಮಾರಾಟವಾಗಲೇಬೇಕು ಎಂದಾದ ಕ್ಷಣ ತಪ್ಪು ಮಾಡಿ ಕಲಿಯುವ ಸ್ವಾತಂತ್ರ್ಯ ಹೋಗುತ್ತದೆ. ಹಾಳಾದ ನೂಲು ಪಾಠವಾಗಿ ಉಳಿಯದೆ ನಷ್ಟವಾಗಿಬಿಡುತ್ತದೆ.

ಇಂದಿನ ಶಾಲೆಯ ತೊಂದರೆ ಇದಕ್ಕೆ ತಿರುಗುಮುರುಗು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಅವಧಿಯಲ್ಲಿ ಮಕ್ಕಳು ಬಡಗಿ, ತೋಟಗಾರ, ಕುಂಬಾರರಂಥ ಸ್ಥಳೀಯ ಕಸುಬುದಾರರ ಬಳಿ ಕಲಿಯಲು ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿದೆ. ಒಳ್ಳೆಯ ಹೆಜ್ಜೆ. ಆದರೆ ಹತ್ತು ದಿನದಲ್ಲಿ ಕಸುಬಿನ ಪರಿಚಯವಾದೀತು, ಕೈ ಪಳಗದು. ಮಾರಾಟದ ಒತ್ತಡವೂ ಇಲ್ಲದ, ಕಾಲದ ಕೊರತೆಯೂ ಇಲ್ಲದ ಜಾಗ ಮನೆಶಾಲೆ. ಕಸುಬಿಗೆ ಬೇಕಾದ ಈ ಎರಡು ಅನುಕೂಲಗಳು ಬೇರೆಲ್ಲಿಯೂ ಒಟ್ಟಿಗೆ ಸಿಗುವುದು ಅಪರೂಪ.

ಕಸೂತಿಯ ಪಾಠ

ಕಸುಬು ಹೇಗೆ ಕಲಿಸುತ್ತದೆ ಎಂಬುದನ್ನು ಧಾರವಾಡ ಸೀಮೆಯ ಕಸೂತಿಯಲ್ಲಿ ಹತ್ತಿರದಿಂದ ನೋಡಬಹುದು. ಇಳಕಲ್ ಸೀರೆ, ಕರಿಯ ಚಂದ್ರಕಾಳಿ ಸೀರೆಗಳ ಮೇಲೆ ಹೆಂಗಸರು ತಲೆಮಾರುಗಳಿಂದ ಹೊಲಿದುಕೊಂಡು ಬಂದ ಕಲೆ ಇದು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ಪಲ್ಲಕ್ಕಿ, ತೊಟ್ಟಿಲು ಇದರ ಚಿತ್ರಗಳು. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಅದರ ಮೇಲೆ ಸೂಜಿ ಓಡಿಸುವ ಪದ್ಧತಿ ಇಲ್ಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ.

ಗವಂತಿ ಹೊಲಿಗೆಯನ್ನೇ ತೆಗೆದುಕೊಳ್ಳಬಹುದು. ಸೂಜಿ ನಾಲ್ಕು ಎಳೆ ಮೇಲೆ ಹಾದು ಬಟ್ಟೆಯೊಳಗೆ ಇಳಿಯುತ್ತದೆ, ಅಡಿಯಲ್ಲಿ ನಾಲ್ಕು ಎಳೆ ಸರಿದು ಮತ್ತೆ ಮೇಲೆ ಬರುತ್ತದೆ. ಸಾಲಿನ ಕೊನೆ ಮುಟ್ಟಿದಾಗ ಕಾಣುವುದು ಬಿಟ್ಟು ಬಿಟ್ಟು ಬಿದ್ದ ಗೆರೆ. ಅಲ್ಲಿಂದ ಅದೇ ದಾರಿಯಲ್ಲಿ ಹಿಂತಿರುಗಬೇಕು; ಹೋಗುವಾಗ ಬಿಟ್ಟ ಜಾಗವೆಲ್ಲ ಬರುವಾಗ ತುಂಬುತ್ತದೆ. ಕೆಲಸ ಮುಗಿದಾಗ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ ನಿಂತಿರುತ್ತದೆ.

ಗೆರೆ ನೇರವಿದ್ದರೆ ಇದು ಸುಲಭ. ಆದರೆ ಗೋಪುರದಲ್ಲಿ ಅಂತಸ್ತುಗಳಿವೆ, ಅಂತಸ್ತಿನ ಅಂಚಿನಲ್ಲಿ ಸಣ್ಣ ಚಾಚುಗಳಿವೆ, ನೆತ್ತಿಯಲ್ಲಿ ಕಳಸವಿದೆ. ಕವಲು ಬಂದಲ್ಲಿ ಸೂಜಿ ಯಾವ ಕಡೆ ಹೋಗಬೇಕು? ಕಲಿಯುವವರು ಮೊದಲು ತೊಡಕಿಗೆ ಸಿಕ್ಕುವುದು ಇಲ್ಲಿಯೇ. ಕವಲನ್ನು ಮರೆತು ದಾಟಿಹೋದರೆ ಅದನ್ನು ತುಂಬಲು ಆಮೇಲೆ ದಾರಿ ತಪ್ಪಬಹುದು, ಹಿಂಬದಿಯಲ್ಲಿ ದಾರ ಅಡ್ಡಾದಿಡ್ಡಿ ಬೀಳಬಹುದು. ಬಿಡಿಸುವ ಸರಳ ಉಪಾಯ ಇದು: ಕವಲು ಕಂಡಾಗ ಅದರ ತುದಿಯವರೆಗೆ ಹೋಗಿ, ಅದೇ ಹೆಜ್ಜೆಗಳಲ್ಲಿ ಮರಳಿ, ಆಮೇಲೆ ಮುಖ್ಯ ದಾರಿ ಹಿಡಿಯುವುದು. ಹಾಗೆ ಮಾಡಿದರೆ ಪ್ರತಿ ತುಂಡು ಗೆರೆಯೂ ಒಮ್ಮೆ ಮೇಲಿನಿಂದ, ಒಮ್ಮೆ ಅಡಿಯಿಂದ ತುಂಬುತ್ತದೆ. ಒಂದಕ್ಕೊಂದು ಕೂಡಿಕೊಂಡ ಗೆರೆಗಳ ಚಿತ್ರ ಎಷ್ಟೇ ಜಟಿಲವಾಗಿರಲಿ, ಈ ಕ್ರಮದಲ್ಲಿ ದಾರ ಕಡಿಯದೆ ಮುಗಿಸಬಹುದು. ಹೊರಟ ಜಾಗಕ್ಕೇ ಸೂಜಿ ವಾಪಸು ಬರುತ್ತದೆ. ಗಣಿತದಲ್ಲಿ ಜಾಲಗಳ ಅಧ್ಯಯನ ಎಂಬ ಶಾಖೆ ಇಂಥ ದಾರಿಗಳನ್ನೂ ಪರಿಶೀಲಿಸುತ್ತದೆ. ಹತ್ತು ವರ್ಷದ ಮಗು ಆ ಹೆಸರು ಕೇಳುವ ಮೊದಲೇ ಅದರ ತಿರುಳನ್ನು ಬೆರಳಿನಲ್ಲಿ ಕಂಡುಕೊಂಡಿರುತ್ತದೆ.

ತಪ್ಪು ತಿಳಿಯುವ ಬಗೆಯೂ ಇಲ್ಲಿ ವಿಶೇಷವಾದದ್ದು. ಗೋಪುರದ ಬುಡದಲ್ಲಿ ನಾಲ್ಕರ ಬದಲು ಐದು ಎಳೆ ಎಣಿಸಿದರೆ ಆಗಲೇ ಏನೂ ಕಾಣುವುದಿಲ್ಲ. ಎಷ್ಟೋ ಹೊಲಿಗೆ ಮುಂದೆ ಹೋದ ಮೇಲೆ, ಎಡದಿಂದ ಏರಿದ ಗೆರೆಯೂ ಬಲದಿಂದ ಏರಿದ ಗೆರೆಯೂ ಕಳಸದಲ್ಲಿ ಕೂಡಬೇಕಾದಾಗ ಕೂಡುವುದಿಲ್ಲ. ನಡುವೆ ಒಂದು ಎಳೆಯ ಅಂತರ. ಆಗ ತಪ್ಪಿದ ಜಾಗವನ್ನು ಹುಡುಕಿ ಅಲ್ಲಿಯವರೆಗೆ ಬಿಚ್ಚಬೇಕು. ಗದರುವವರು ಯಾರೂ ಬೇಕಿಲ್ಲ, ಅಂಕ ಕಳೆಯುವವರೂ ಬೇಕಿಲ್ಲ. ಬಟ್ಟೆಯೇ ತಪ್ಪು ತೋರಿಸಿತು, ತಿದ್ದಲೂ ಜಾಗ ಕೊಟ್ಟಿತು.

ಪಕ್ಕದಲ್ಲಿ ಕೂರುವ ಹೆತ್ತವರು

ಮನೆಶಾಲೆಯ ದೊಡ್ಡ ಇಕ್ಕಟ್ಟು ಹುಟ್ಟುವುದು ಸಂಬಂಧಗಳು ಬೆರೆತುಹೋಗುವುದರಿಂದ. ಶಾಲೆಯಲ್ಲಿ ಲೆಕ್ಕ ತಪ್ಪಿದ ಮಗು ಮನೆಗೆ ಬಂದು ಅಮ್ಮನ ಮಡಿಲು ಸೇರಬಹುದು. ಮನೆಶಾಲೆಯಲ್ಲಿ ಲೆಕ್ಕ ತಪ್ಪು ಎಂದವಳೇ ಅಮ್ಮ. ಬೆಳಗ್ಗೆ ಅಪ್ಪ, ಹತ್ತು ಗಂಟೆಗೆ ಮೇಷ್ಟ್ರು, ಊಟಕ್ಕೆ ಮತ್ತೆ ಅಪ್ಪ ಎಂಬ ವೇಷ ಬದಲಾವಣೆ ದಿನವೂ ನಡೆಯಬೇಕು. ಗಣಿತ, ಭಾಷೆ, ವಿಜ್ಞಾನಗಳಲ್ಲಿ ಹೆತ್ತವರು ಮೊದಲೇ ಬಲ್ಲವರು. ಮಗು ಸದಾ ಅರಿಯದ ಸ್ಥಾನದಲ್ಲಿಯೇ ಇರುತ್ತದೆ. ವರ್ಷಗಟ್ಟಲೆ ಇದೇ ಏರುಪೇರಿನಲ್ಲಿ ಕಳೆದರೆ ಮಗುವಿಗೂ ಬೇಸರ, ಹೆತ್ತವರಿಗೂ ಆಯಾಸ.

ತಂದೆತಾಯಿಗೂ ಗೊತ್ತಿಲ್ಲದ ಕಸುಬನ್ನು ಎಲ್ಲರೂ ಕೂಡಿ ಕಲಿಯಲು ಕೂತಾಗ ಈ ಏರುಪೇರು ಸಡಿಲುತ್ತದೆ. ಎಳೆ ಎಣಿಸಲು ನಲವತ್ತರ ಕಣ್ಣಿಗಿಂತ ಹತ್ತರ ಕಣ್ಣು ಹರಿತ. ಎಷ್ಟೋ ಮನೆಗಳಲ್ಲಿ ಮಗುವೇ ಮುಂದೆ ಹೋಗುತ್ತದೆ. ತಾಯಿ ತಪ್ಪು ಹೊಲಿದು, ನಿಟ್ಟುಸಿರು ಬಿಟ್ಟು, ಬಿಚ್ಚಿ ಮತ್ತೆ ಹೊಲಿಯುವುದನ್ನು ಮಗು ಕಾಣುತ್ತದೆ. ದೊಡ್ಡವರು ಕಲಿಯುವುದು ಹೇಗೆ, ಸೋತಾಗ ಏನು ಮಾಡುತ್ತಾರೆ, ಬೇಸರವನ್ನು ಹೇಗೆ ದಾಟುತ್ತಾರೆ ಎಂಬುದು ಮಕ್ಕಳ ಕಣ್ಣಿಗೆ ಬೀಳುವ ಸಂದರ್ಭಗಳೇ ಕಡಿಮೆ. ಅವರು ನೋಡುವುದು ಕಲಿತು ಮುಗಿಸಿದ ದೊಡ್ಡವರನ್ನು. ಕಲಿಯುತ್ತಿರುವ ದೊಡ್ಡವರನ್ನು ದಿನವೂ ನೋಡುವ ಮಗುವಿಗೆ ತಪ್ಪು ಎಂದರೆ ಅವಮಾನ ಎನ್ನಿಸುವುದಿಲ್ಲ. ಅಜ್ಜಿಗೆ ಕಸುಬು ಗೊತ್ತಿದ್ದರಂತೂ ಮನೆಯ ಕ್ರಮವೇ ಬದಲಾಗುತ್ತದೆ: ಓದದವಳು ಎಂದು ಬದಿಗೆ ಸರಿದು ಕೂತಿದ್ದವಳು ಆ ಮನೆಶಾಲೆಯ ಮುಖ್ಯ ಗುರುವಾಗುತ್ತಾಳೆ.

ಕಸುಬಿನ ಆಯ್ಕೆ

ಎಲ್ಲ ಕಸುಬೂ ಮನೆಗೆ ಹೊಂದುವುದಿಲ್ಲ. ಬೀದರಿನ ಬಿದ್ರಿ ಕೆಲಸದಲ್ಲಿ ಸತು, ತಾಮ್ರಗಳನ್ನು ಕರಗಿಸಿ ಎರಕ ಹೊಯ್ಯಬೇಕು, ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಮಣ್ಣು, ನವಸಾಗರದ ದ್ರಾವಣದಲ್ಲಿ ಕಪ್ಪು ಬರಿಸಬೇಕು. ಚನ್ನಪಟ್ಟಣದ ಬೊಂಬೆಗೆ ಆಲೆ ಮರದ ತುಂಡನ್ನು ಲೇತಿಗೆ ಕಟ್ಟಿ, ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಬೇಕು. ಉಜ್ಜಾಟದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ. ಇಂಥವನ್ನು ಕಸುಬುದಾರರ ಕಾರ್ಖಾನೆಗೇ ಹೋಗಿ ನೋಡಿ ತಿಳಿಯುವುದು ಲೇಸು. ಮನೆಗೆ ಹೊಂದುವವು ಸೂಜಿ, ತಕಲಿ, ಕುಂಚ, ನಾರು, ಮಣ್ಣಿನ ಕೆಲಸಗಳು.

ವಯಸ್ಸಿನ ಅಂತರವಿರುವ ಕುಟುಂಬಕ್ಕೆ ಕೌದಿಯಷ್ಟು ಒಗ್ಗುವ ಕಸುಬು ಇನ್ನೊಂದಿಲ್ಲ. ಹಳೆಯ ಸೀರೆ, ಪಂಚೆ, ಅಂಗಿಗಳನ್ನು ತುಂಡು ಮಾಡಿ ಪದರ ಪದರ ಹಾಸಿ ಸಣ್ಣ ಓಟದ ಹೊಲಿಗೆಯಿಂದ ಕೂಡಿಸುವ ಕೆಲಸ ಅದು. ಐದರ ಮಗು ಬಣ್ಣ ನೋಡಿ ತುಂಡುಗಳನ್ನು ವಿಂಗಡಿಸುತ್ತದೆ, ಹತ್ತರದು ಅಳೆದು ಕತ್ತರಿಸುತ್ತದೆ, ಹದಿನೈದರದು ದೊಡ್ಡವರ ಸಮಕ್ಕೆ ಹೊಲಿಯುತ್ತದೆ. ನೆಲದ ಮೇಲೆ ಹಾಸಿದ ಒಂದೇ ಬಟ್ಟೆಯ ಸುತ್ತ ಎಲ್ಲರೂ ಕೂರಬೇಕು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಫುಲ ಎಂದು ಕರೆಯುವ ಮಡಿಕೆಯ ತುಂಡು ಇಡದೆ ಕೌದಿ ಮುಗಿಯಿತೆನ್ನುವುದಿಲ್ಲ. ಶಿವಮೊಗ್ಗ ಸೀಮೆಯ ದೀವರ ಹೆಂಗಸರ ಹಸೆ ಚಿತ್ತಾರವೂ ಕೂಡಿ ಕಲಿಯಲು ತಕ್ಕದ್ದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಗೆರೆ ಎಳೆಯಬೇಕು. ಬಣ್ಣ, ಕುಂಚ ಎರಡನ್ನೂ ಸುತ್ತಲಿನ ನೆಲದಿಂದಲೇ ಹೊಂದಿಸಿಕೊಳ್ಳುವುದರಿಂದ ಸಸ್ಯ, ಮಣ್ಣುಗಳ ಪರಿಚಯವೂ ಜೊತೆಗೆ ಬರುತ್ತದೆ.

ಅಂಗಡಿಯಲ್ಲಿ ಸಿಗುವ ತಯಾರಿ ಪೆಟ್ಟಿಗೆಗಳು ಈ ಕೆಲಸ ಮಾಡಲಾರವು. ಕತ್ತರಿಸಿಟ್ಟ ತುಂಡುಗಳನ್ನು ಅಂಟಿಸಿದರೆ ಒಂದು ಗಂಟೆಯಲ್ಲಿ ವಸ್ತು ಸಿದ್ಧವಾಗುತ್ತದೆ, ಕೈಗೆ ಏನೂ ಬಂದಿರುವುದಿಲ್ಲ. ವಾರಕ್ಕೊಂದರಂತೆ ಹನ್ನೆರಡು ಕಸುಬು ಮುಟ್ಟುವುದಕ್ಕಿಂತ ಒಂದನ್ನೇ ವರ್ಷಪೂರ್ತಿ ಹಿಡಿಯುವುದು ಮೇಲು. ಮೊದಲ ಉತ್ಸಾಹ ಇಳಿದ ಮೇಲೆ, ಮೂರನೆಯ ತಿಂಗಳಿನ ಬೇಸರದಲ್ಲಿ, ನಿಜವಾದ ಕಲಿಕೆ ಶುರುವಾಗುತ್ತದೆ.

ಜಾತಿ, ದುಡಿಮೆ, ಆಯ್ಕೆ

ಕುಟುಂಬವೇ ಕೂಡಿ ಕಸುಬು ಕಲಿಯುವುದು ಈ ನೆಲಕ್ಕೆ ಹೊಸತಲ್ಲ. ನೇಕಾರ, ಕುಂಬಾರ, ಮೇದಾರ, ಸಮಗಾರ, ಬಡಗಿಗಳ ಮನೆಗಳಲ್ಲಿ ನಡೆದು ಬಂದದ್ದು ಅದೇ. ಮಗ್ಗದ ಪಕ್ಕದಲ್ಲಿ ಕಂಡಿಕೆ ಸುತ್ತುತ್ತ ಬೆಳೆದ ಮಗು, ಬಿದಿರು ಸೀಳುವ ಕೈಯನ್ನು ನೋಡುತ್ತ ಬೆಳೆದ ಮಗು ಶಾಲೆಯಿಲ್ಲದೆ ಕಸುಬು ಕಲಿಯಿತು. ಆದರೆ ಅದಕ್ಕೆ ಆಯ್ಕೆಯಿರಲಿಲ್ಲ. ಅದೇ ಜಾತಿ ವ್ಯವಸ್ಥೆ ಅಕ್ಷರದ ಬಾಗಿಲನ್ನೂ ಅದಕ್ಕೆ ಮುಚ್ಚಿತ್ತು.

1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿ ಪ್ರಾಥಮಿಕ ಶಾಲೆಯ ಅವಧಿಯನ್ನು ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ದಕ್ಷಿಣ ಕನ್ನಡ ಆಗ ಆ ರಾಜ್ಯದ ಜಿಲ್ಲೆ. ಅಪ್ಪನ ಕಸುಬು ಎಂದರೆ ಜಾತಿಯ ಕಸುಬೇ ಆದ ಸಮಾಜದಲ್ಲಿ ಇದು ಕುಲವೃತ್ತಿಯ ಶಿಕ್ಷಣ ಎಂದು ಪೆರಿಯಾರ್ ಮತ್ತು ದ್ರಾವಿಡ ಚಳವಳಿ ತೀವ್ರವಾಗಿ ವಿರೋಧಿಸಿದವು. 1954ರಲ್ಲಿ ರಾಜಗೋಪಾಲಾಚಾರಿ ಅಧಿಕಾರ ಬಿಟ್ಟರು. ಅವರ ನಂತರ ಮುಖ್ಯಮಂತ್ರಿಯಾದ ಕಾಮರಾಜ್ ಯೋಜನೆಯನ್ನು ಕೈಬಿಟ್ಟರು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಯ ತಿದ್ದುಪಡಿ, ಶಾಲೆಯ ಸಮಯದ ಆಚೆ ಮಕ್ಕಳು ಅಪಾಯಕಾರಿಯಲ್ಲದ ಕೌಟುಂಬಿಕ ಉದ್ಯಮದಲ್ಲಿ ನೆರವಾಗಬಹುದು ಎಂದಾಗಲೂ ಇದೇ ಆತಂಕ ಮರಳಿತು.

ಈ ಚರಿತ್ರೆ ಮನೆಶಾಲೆಯ ಕುಟುಂಬಗಳಿಗೆ ಒಂದು ಹೊಣೆ ಹೊರಿಸುತ್ತದೆ. ಬೇಕಾದಾಗ ಹಿಡಿದು ಬೇಡವಾದಾಗ ಬಿಡಬಲ್ಲ ಅನುಕೂಲ ಇರುವವರಿಗೆ ಕಸುಬು ಸಂತೋಷ; ಅದನ್ನೇ ನಂಬಿದವರಿಗೆ ಅದು ಅನ್ನ. ಹನ್ನೆರಡನೆಯ ಶತಮಾನದ ಆಸುಪಾಸಿನ ಶರಣರಲ್ಲಿ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಚರ್ಮದ ಕೆಲಸದ ಮಾದಾರ ಚೆನ್ನಯ್ಯ ಪೂಜ್ಯರಾದರು. ಕಾಯಕ ಎಂಬ ಮಾತು ಕೆಲಸಕ್ಕೂ ಕೆಲಸಗಾರನಿಗೂ ಒಟ್ಟಿಗೆ ಗೌರವ ಕೊಟ್ಟಿತು. ಬುಟ್ಟಿಯನ್ನು ಮೆಚ್ಚಿ ಮೇದಾರರನ್ನು ಅಂಗಳದಲ್ಲೇ ನಿಲ್ಲಿಸಿದರೆ ಮಗು ಕಲಿಯುವುದು ಹೆಣಿಗೆಯನ್ನಲ್ಲ, ಮೇಲುಕೀಳನ್ನು. ಕಸುಬುದಾರರನ್ನು ಗುರುವೆಂದು ಕಂಡು ಅವರ ಮನೆಗೆ ಹೋಗಬೇಕು, ಸಂಗೀತದ ಗುರುವಿಗೆ ಕೊಡುವಷ್ಟೇ ಸಂಭಾವನೆ ಕೊಡಬೇಕು. ಅವರ ವಿನ್ಯಾಸ ಕಲಿತು ತಮ್ಮದೆಂದು ಮಾರಬಾರದು. ಅವರ ಮಕ್ಕಳು ಏನು ಓದುತ್ತಿದ್ದಾರೆ, ಕಸುಬು ಮುಂದುವರಿಸಲು ಇಷ್ಟವಿದೆಯೇ ಎಂಬ ಮಾತೂ ಅಲ್ಲಿ ಬರಬೇಕು; ಅದೇ ಆ ದಿನದ ಸಮಾಜ ಪಾಠ.

ಓದು ಮತ್ತು ಕಸುಬು

ಕಸುಬಿಗೆ ಹೆಚ್ಚು ಹೊತ್ತು ಕೊಟ್ಟರೆ ಓದು ಹಿಂದೆ ಬೀಳುತ್ತದೆ ಎಂಬ ಭಯ ಸಹಜ. ಅದಕ್ಕೂ ಗಾಂಧೀಜಿಯ ಮನೆಯೇ ಸಾಕ್ಷಿ. ಹಿರಿಯ ಮಗ ಹರಿಲಾಲ್ ಕ್ರಮಬದ್ಧ ಶಿಕ್ಷಣ ಸಿಗಲಿಲ್ಲವೆಂಬ ಕೊರಗಿನಿಂದ 1911ರಲ್ಲಿ ತಂದೆಯನ್ನು ಬಿಟ್ಟು ಹೊರಟರು. ಮಕ್ಕಳಿಗೆ ಬಯಸಿದಷ್ಟು ಪುಸ್ತಕ ಶಿಕ್ಷಣ ಕೊಡಲಾಗಲಿಲ್ಲ, ಅವರಿಗೆ ಈ ಬಗ್ಗೆ ದೂರಿದೆ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಕಸುಬು ಓದಿನ ಜಾಗವನ್ನು ಕಬಳಿಸಬಾರದು ಎಂಬುದಕ್ಕೆ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಬೇಕಿಲ್ಲ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಕೊಟ್ಟರೆ ಕೈ ಪಳಗುತ್ತದೆ. ಉಳಿದ ಹೊತ್ತು ಓದಿಗೆ ಉಳಿಯುತ್ತದೆ. ಮಗು ತನಗೆ ಈ ಕಸುಬು ಬೇಡ ಎಂದರೆ ಕೇಳಿಸಿಕೊಳ್ಳಬೇಕು. ಆಯ್ಕೆಯಿಲ್ಲದ ಕಸುಬು ಎಲ್ಲಿ ನಡೆದರೂ ಕುಲವೃತ್ತಿಯ ಇನ್ನೊಂದು ರೂಪವೇ.

ಭಾಷೆಯ ವಿಷಯದಲ್ಲಂತೂ ಕಸುಬು ಓದಿಗೆ ನೇರ ನೆರವು. ಹಾಸು, ಹೊಕ್ಕು, ಲಾಳಿ, ಕಂಡಿಕೆ, ದಬ್ಬೆ, ಮೊರ, ಕುಕ್ಕೆ, ಅರಗು ಮುಂತಾದ ಪದಗಳು ಪಠ್ಯಪುಸ್ತಕದಲ್ಲಿ ಸಿಕ್ಕರೂ ಅರ್ಥವಾಗುವುದು ವಸ್ತು ಕೈಗೆ ಬಂದಾಗ. ಹೊರನಾಡಿನ ಕನ್ನಡ ಕುಟುಂಬಗಳಿಗೆ ಇದು ಇನ್ನೂ ಮುಖ್ಯ. ಅಮೆರಿಕದ ಎಲ್ಲ ರಾಜ್ಯಗಳಲ್ಲಿ ಮನೆಶಾಲೆಗೆ ಕಾನೂನಿನ ಒಪ್ಪಿಗೆಯಿದೆ. ಅಲ್ಲಿ ಹುಟ್ಟಿದ ಮಗುವಿಗೆ ಕನ್ನಡ ಅಡಿಗೆಮನೆಯ ನಾಲ್ಕು ಮಾತಿಗೆ ಸೀಮಿತವಾಗುವ ಅಪಾಯವಿರುವಾಗ, ಸೂಜಿ, ದಾರ, ಎಳೆ ಎಣಿಸುವ ಬಟ್ಟೆ ಇಷ್ಟರಿಂದಲೇ ಎಣಿಕೆ, ದಿಕ್ಕು, ಆಕಾರಗಳ ಕನ್ನಡ ದಿನವೂ ಬಾಯಿಗೆ ಬರುತ್ತದೆ.

ಕಲಿತದ್ದನ್ನು ಅಳೆಯುವ ಬಗೆ

ಮನೆಶಾಲೆಯಲ್ಲಿ ಅಂಕಪಟ್ಟಿ ಇರುವುದಿಲ್ಲ. ಕಸುಬಿಗೆ ಅದು ಬೇಕಾಗಿಯೂ ಇಲ್ಲ. ಪ್ರತಿ ಕಸುಬಿನೊಳಗೇ ಅದರ ಅಳತೆಗೋಲು ಇದೆ. ಬುಟ್ಟಿ ನೆಲದ ಮೇಲೆ ಅಲುಗದೆ ಕೂರಬೇಕು, ನೂಲು ಎಳೆದಾಗ ಕಡಿಯಬಾರದು, ಕೌದಿ ಒಗೆದ ಮೇಲೂ ಬಿಚ್ಚಿಕೊಳ್ಳಬಾರದು. ಮಾಡಿದ ವಸ್ತುವನ್ನು ಗಾಜಿನ ಕಪಾಟಿಗೆ ಸೇರಿಸದೆ ಬಳಕೆಗೆ ಇಳಿಸಿದಾಗಲೇ ಈ ಪರೀಕ್ಷೆ ನಡೆಯುವುದು. ವರ್ಷದ ಮೊದಲ ತುಂಡನ್ನೂ ಕೊನೆಯ ತುಂಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಪ್ರಗತಿ ಕಣ್ಣಿಗೆ ಕಾಣುತ್ತದೆ. ಹೆತ್ತವರ ತುಂಡುಗಳನ್ನೂ ಅದೇ ಸಾಲಿನಲ್ಲಿ ಇಡಬೇಕು.

ಕಸೂತಿ ಬಲ್ಲವರು ಹೊಸಬರ ಕೆಲಸವನ್ನು ಕೈಗೆ ತೆಗೆದುಕೊಂಡರೆ ಬಟ್ಟೆಯನ್ನು ಮಗುಚಿ ಹಿಂಬದಿಯನ್ನೂ ನೋಡುತ್ತಾರೆ. ಮುಂಬದಿಯನ್ನು ಹೇಗಾದರೂ ಅಂದಗೊಳಿಸಬಹುದು. ಗಂಟು ಬಿದ್ದಿದೆಯೇ, ದಾರ ಅಡ್ಡ ಹಾದಿದೆಯೇ, ದಾರಿ ತಪ್ಪಿ ಎಲ್ಲಿ ಹಾರಿತು ಎಂಬುದೆಲ್ಲ ಹಿಂಬದಿಯಲ್ಲಿ ಬರೆದಿಟ್ಟಂತೆ ಇರುತ್ತದೆ. ತಾಯಿಯ ಬಟ್ಟೆಯನ್ನೂ ಮಗುವಿನ ಬಟ್ಟೆಯನ್ನೂ ಒಂದೇ ಕಣ್ಣಿನಿಂದ ಹೀಗೆ ಮಗುಚಿ ನೋಡಿ, ಇಬ್ಬರಿಗೂ ಬಿಚ್ಚಬೇಕಾದ ಹೊಲಿಗೆಯನ್ನು ತೋರಿಸಿಕೊಡುವ ಗುರು ಸಿಕ್ಕರೆ, ಮನೆಶಾಲೆಗೆ ಕಸುಬಿನಿಂದ ಸಿಗಬೇಕಾದ್ದು ಸಿಕ್ಕಿತು.